ಹತ್ತು ಸಾವಿರ ಹೆಜ್ಜೆ ಲೆಕ್ಕ ಹಾಕಿದ್ಯಾರು, ಈಗ ಏಳು ಸಾವಿರ ಸಾಕು ಅಂತಿರೋದ್ಯಾಕೆ?

ರಾತ್ರಿ ಹತ್ತೂವರೆಗೆ ನಮ್ಮ ಮೇಲಿನ ಮನೆಯಿಂದ ದಬ್ ದಬ್ ಅಂತ ಸದ್ದು ಶುರುವಾಗುತ್ತೆ. ಹಾಲ್‌ನಿಂದ ಅಡುಗೆಮನೆ, ಅಡುಗೆಮನೆಯಿಂದ ಬಾಲ್ಕನಿ, ಮತ್ತೆ ಹಾಲ್. ಒಂದಿನ ಏನಪ್ಪಾ ಇದು ಅಂತ ಮೇಲೆ ಹೋಗಿ ನೋಡಿದ್ರೆ ಆಂಟಿ ಕೈಯಲ್ಲಿ ಫೋನ್ ಹಿಡ್ಕೊಂಡು ಸುತ್ತು ಹಾಕ್ತಿದಾರೆ. "ಇನ್ನೂ ಸಾವಿರದ ಏಳ್ನೂರು ಬಾಕಿ ಇದೆ ಕಣಮ್ಮ, ಹತ್ತು ಸಾವಿರ ಮುಗಿಸ್ದೆ ಮಲಗಿದ್ರೆ ಸಮಾಧಾನ ಇರಲ್ಲ" ಅಂದ್ರು. ಅರವತ್ತೆರಡು ವರ್ಷ, ಶುಗರ್ ಬಾರ್ಡರ್‌ನಲ್ಲಿದೆ, ಮಂಡಿ ನೋವು ಬೇರೆ.

2025ರ ಜುಲೈ ನೆನಪಿರಬೇಕು ನಿಮ್ಗೆ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸಾವು ಅಂತ ಒಂದಾದ್ಮೇಲೊಂದು ಸುದ್ದಿ ಬಂದು, ಎದೆ ಚುರುಕ್ ಅಂದೋರು ಅನ್ನದೇ ಇದ್ದೋರು ಎಲ್ಲಾ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತ್ರು. ಆ ತಿಂಗಳಲ್ಲೇ ಇನ್ನೊಂದು ಸುದ್ದಿನೂ ಬಂತು, ದಿನಕ್ಕೆ 10,000 ಹೆಜ್ಜೆ ಬೇಡ 7,000 ಸಾಕಂತೆ ಅಂತ. ಅದು ವಾಟ್ಸಾಪಲ್ಲಿ ಓಡಾಡಿ ಓಡಾಡಿ ಕೊನೆಗೆ "ಇಷ್ಟು ದಿನ ಡಾಕ್ಟ್ರು ಸುಳ್ಳು ಹೇಳ್ತಿದ್ರು" ಅನ್ನೋ ಮಟ್ಟಕ್ಕೆ ಬಂದು ನಿಲ್ತು. ಹಾಗೇನಿಲ್ಲ. ಆದ್ರೆ ಈ ನಂಬರ್‌ಗಳು ಹೇಗೆ ಹುಟ್ಟುತ್ವೆ, ಅದನ್ನ ಹೇಗೆ ಓದ್ಕೋಬೇಕು ಅಂತ ಗೊತ್ತಿಲ್ದಿದ್ರೆ ಹಾಗೆ ಅನ್ಸೋದು ಸಹಜ.

ಹತ್ತು ಸಾವಿರ ಎಲ್ಲಿಂದ ಬಂತು

ಜಪಾನಿಂದ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೀತು, ದೇಶ ಪೂರ್ತಿ ವ್ಯಾಯಾಮದ ಗುಂಗಲ್ಲಿತ್ತು. ಅದರ ಮರುವರ್ಷ ಯಮಾಸಾ ಅನ್ನೋ ಕಂಪನಿ ಸೊಂಟಕ್ಕೆ ಸಿಗಿಸ್ಕೊಳ್ಳೋ ಹೆಜ್ಜೆ ಎಣಿಸೋ ಸಾಧನ ಒಂದನ್ನ ಮಾರುಕಟ್ಟೆಗೆ ಬಿಡ್ತು. ಅದರ ಹೆಸರು ಮಾನ್‌ಪೊ-ಕೇ. ಮಾನ್ ಅಂದ್ರೆ ಹತ್ತು ಸಾವಿರ, ಪೊ ಅಂದ್ರೆ ಹೆಜ್ಜೆ, ಕೇ ಅಂದ್ರೆ ಮೀಟರ್. ಅಷ್ಟೇ ಕಥೆ. ಬಾಯಲ್ಲಿ ಸಲೀಸಾಗಿ ನಿಲ್ಲೋ ದುಂಡು ಸಂಖ್ಯೆ, ಆಮೇಲೆ ಫೋನ್ ಬಂತು, ಕೈಗಡಿಯಾರಗಳು ಬಂದ್ವು, ಅವೂ ಅದೇ ನಂಬರ್ ಇಟ್ಕೊಂಡ್ವು.

ಅಂದ್ರೆ ಸಾವಿರಾರು ಜನರನ್ನ ವರ್ಷಗಟ್ಟಲೆ ಗಮನಿಸಿ, 10,000 ದಾಟಿದೋರು ಬದುಕಿದ್ರು ದಾಟದೋರು ಸತ್ರು ಅಂತ ಯಾರೋ ಲೆಕ್ಕ ಹಾಕಿ ಹೇಳಿದ್ದಲ್ಲ ಅದು. ಕೆಟ್ಟ ಗುರಿ ಅಂತಾನೂ ಅಲ್ಲ, ಅಳತೆ ಮಾಡಿ ಇಟ್ಟ ಗುರಿ ಅಲ್ಲ ಅಷ್ಟೆ.

ಡ್ರೈವರ್ ಕೂತಿದ್ದ, ಕಂಡಕ್ಟರ್ ಹತ್ತಿ ಇಳೀತಿದ್ದ

ಓಡಾಡೋದಕ್ಕೂ ಹೃದಯಕ್ಕೂ ಸಂಬಂಧ ಇದೆ ಅಂತ ಲೆಕ್ಕ ಸಮೇತ ಮೊದಮೊದಲು ತೋರಿಸಿದ್ದು ಬಸ್ಸಲ್ಲಿ. ಬೆಂಗಳೂರಲ್ಲೂ ಬಿಟಿಎಸ್ (ಈಗಿನ ಬಿಎಂಟಿಸಿ) ಕಾಲದಲ್ಲಿ ಡಬಲ್ ಡೆಕ್ಕರ್ ಓಡ್ತಿತ್ತಲ್ಲ, ಲಂಡನ್ನಿನ ಅಂಥಾ ಬಸ್ಸುಗಳನ್ನ ಜೆರಿ ಮಾರಿಸ್ ಅನ್ನೋ ಡಾಕ್ಟ್ರು ಗಮನಿಸ್ತಿದ್ರು. ಒಂದೇ ಬಸ್ಸು, ಒಂದೇ ರೂಟು, ಒಂದೇ ಸಂಸ್ಥೆ ನೌಕರರು, ಒಬ್ಬ ದಿನವಿಡೀ ಸ್ಟೇರಿಂಗ್ ಮುಂದೆ ಕೂತಿರ್ತಾನೆ, ಇನ್ನೊಬ್ಬ ಟಿಕೆಟ್ ಕೊಡೋಕೆ ಮೇಲೆ ಕೆಳಗೆ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಸುಮಾರು 31,000 ಸಾರಿಗೆ ನೌಕರರ ಮಾಹಿತಿ ಕಲೆಹಾಕಿ 1953ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಬರೆದಿದ್ದೇನಂದ್ರೆ, ಡ್ರೈವರ್‌ಗಳಿಗೆ ಹೋಲಿಸಿದ್ರೆ ಕಂಡಕ್ಟರ್‌ಗಳಿಗೆ ಹೃದಯಾಘಾತ ಕಮ್ಮಿ, ಬಂದ್ರೂ ಸ್ವಲ್ಪ ತಡವಾದ ವಯಸ್ಸಲ್ಲಿ ಬರುತ್ತೆ, ಬಂದ ತಕ್ಷಣ ಸಾಯೋರೂ ಕಮ್ಮಿ.

ಇಲ್ಲಿ ಒಂದು ಅನುಮಾನ ಬರ್ಬೇಕು. ಮೊದ್ಲಿಂದ್ಲೂ ದಪ್ಪ ಇರೋರೇ ಡ್ರೈವರ್ ಕೆಲಸಕ್ಕೆ ಸೇರ್ತಿದ್ರೆ? ಈ ಪ್ರಶ್ನೆ ಮಾರಿಸ್‌ಗೂ ಬಂತು, ಅದಕ್ಕೆ ಅವರು ಹುಡುಕಿದ ಸಾಕ್ಷಿ ನನ್ನ ಪ್ರಕಾರ ಇಡೀ ವಿಷಯದಲ್ಲೇ ಚಂದದ್ದು: ಸಂಸ್ಥೆಯವರು ಹೊಲಿಸಿಕೊಟ್ಟ ಯೂನಿಫಾರ್ಮ್ ಪ್ಯಾಂಟುಗಳ ಸೊಂಟದ ಅಳತೆ! 1956ರಲ್ಲಿ ಬಂದ ಆ ಲೆಕ್ಕದಲ್ಲಿ ಡ್ರೈವರ್‌ಗಳ ಸೊಂಟ ನಿಜವಾಗ್ಲೂ ಅಗಲ ಇತ್ತು, ಚಿಕ್ಕ ವಯಸ್ಸಿನ ಡ್ರೈವರ್‌ಗಳದ್ದೂ. ಅಂದ್ರೆ ವ್ಯತ್ಯಾಸದಲ್ಲಿ ಒಂದಿಷ್ಟು ಪಾಲು ಕೆಲಸದ್ದಲ್ಲ, ಕೆಲಸಕ್ಕೆ ಸೇರೋ ಮುಂಚಿನದ್ದು. ತಮ್ಮ ತೀರ್ಮಾನಕ್ಕೆ ತಾವೇ ತೂತು ಹುಡುಕಿದ್ರು ನೋಡಿ. ಅಂದಹಾಗೆ ಮಾರಿಸ್ 2009ರಲ್ಲಿ ತೀರ್ಕೊಂಡಾಗ ಅವರಿಗೆ 99 ವರ್ಷ.

ಈ ತೂತಿನ ವಿಷಯ ತಲೇಲಿ ಇಟ್ಕೊಂಡಿರಿ, ಮುಂದೆ ಬೇಕಾಗುತ್ತೆ.

ಶೇಕಡಾ ಇಷ್ಟು ಕಮ್ಮಿ ಅಂದ್ರೆ ನಿಜಕ್ಕೂ ಎಷ್ಟು?

ಹೆಜ್ಜೆ ವಿಷಯದಲ್ಲಿ ಜನ ಎದ್ದು ಕೂತಿದ್ದು 2019ರಲ್ಲಿ. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತವರ ತಂಡ ಅಮೆರಿಕದ 16,741 ಮಹಿಳೆಯರಿಗೆ ಸೊಂಟಕ್ಕೆ ಒಂದು ಸಣ್ಣ ಸಾಧನ ಕಟ್ಟಿ ಹೆಜ್ಜೆ ಎಣಿಸಿದ್ರು. ಸರಾಸರಿ ವಯಸ್ಸು 72. ಆಮೇಲೆ ಸುಮಾರು 4 ವರ್ಷ ಚಿಲ್ಲರೆ ಕಾದು ನೋಡಿದ್ರು, ಅಷ್ಟರಲ್ಲಿ 504 ಜನ ತೀರ್ಕೊಂಡಿದ್ರು. ಹೆಜ್ಜೆ ಲೆಕ್ಕದಲ್ಲಿ ಎಲ್ಲರನ್ನೂ ನಾಲ್ಕು ಸಮ ಗುಂಪು ಮಾಡಿದಾಗ, ತೀರಾ ಕಮ್ಮಿ ನಡೆಯೋ ಗುಂಪಿನ ಸರಾಸರಿ 2,700 ಹೆಜ್ಜೆ, ಅದರಲ್ಲಿ ಸತ್ತವರು 275. ಅದರ ಮೇಲಿನ ಗುಂಪಿನ ಸರಾಸರಿ 4,400 ಹೆಜ್ಜೆ, ಅದರಲ್ಲಿ ಸತ್ತವರು 103.

ಒಂದೊಂದು ಗುಂಪಲ್ಲಿ ಹೆಚ್ಚುಕಮ್ಮಿ 4,200 ಜನ ಇದ್ರು ಅಂತ ಇಟ್ಕೊಂಡು ಲೆಕ್ಕ ಮಾಡಿ. ಮೊದಲನೇ ಗುಂಪಲ್ಲಿ ನೂರಕ್ಕೆ ಆರೋ ಏಳೋ ಜನ ಹೋದ್ರು, ಎರಡನೇದರಲ್ಲಿ ನೂರಕ್ಕೆ ಎರಡೋ ಮೂರೋ. ಪೇಪರ್‌ನೋರು ಈ ಎರಡು ಸಂಖ್ಯೆನ ನಮಗೆ ತೋರಿಸೋದೇ ಇಲ್ಲ, ಎರಡರ ನಡುವಿನ ಅನುಪಾತ ಮಾತ್ರ ಹೆಡ್‌ಲೈನ್‌ಗೆ ಹಾಕ್ತಾರೆ. "ಸಾವಿನ ಅಪಾಯ ಇಷ್ಟು ಪರ್ಸೆಂಟ್ ಕಮ್ಮಿ" ಅಂದ್ರೆ ನೂರು ಜನರಲ್ಲಿ ಅಷ್ಟು ಜನ ಉಳ್ಕೊಂಡ್ರು ಅಂತಲ್ಲ. ಸೀರೆ ಅಂಗಡಿ ಬೋರ್ಡಲ್ಲಿ 50 ಪರ್ಸೆಂಟ್ ಡಿಸ್ಕೌಂಟ್ ಅಂತ ಇದ್ರೆ ನಾವು ಮೊದ್ಲು ಕೇಳೋದು ರೇಟ್ ಎಷ್ಟಿತ್ತು ಅಂತ ತಾನೇ, ಇಲ್ಲೂ ಅದನ್ನೇ ಕೇಳ್ಬೇಕು. 200 ರೂಪಾಯಿ ಮೇಲಿನ ಅರ್ಧನೂ 20,000 ರೂಪಾಯಿ ಮೇಲಿನ ಅರ್ಧನೂ ಒಂದೇ ಅಲ್ಲ. ಮೂವತ್ತರ ಹುಡುಗನಿಗೆ ಮುಂದಿನ ನಾಲ್ಕು ವರ್ಷದಲ್ಲಿ ಸಾಯೋ ಸಾಧ್ಯತೆನೇ ತೀರಾ ಸಣ್ಣದು, ಅದರಲ್ಲಿ ಒಂದು ಪಾಲು ಕಳೆದ್ರೆ ಸಿಗೋದೂ ಸಣ್ಣದೇ, 72ರ ಅಜ್ಜಿಗೆ ಹಾಗಲ್ಲ.

ಇನ್ನೊಂದು ವಿಷಯ. 275ರಿಂದ 103ಕ್ಕೆ ಇಳಿದ್ರೆ ಬರೀ ಗಣಿತದ ಪ್ರಕಾರ ಅದು 60 ಪರ್ಸೆಂಟ್‌ಗಿಂತ ಜಾಸ್ತಿ ಇಳಿಕೆ. ಆದ್ರೆ ಅಧ್ಯಯನದವರು ಹೇಳಿದ್ದು 41. ಯಾಕೆ? ಕಮ್ಮಿ ನಡೆಯೋ ಗುಂಪಲ್ಲಿ ವಯಸ್ಸಾದೋರು, ಸಿಗರೇಟ್ ಸೇದೋರು, ಮೊದ್ಲೇ ಕಾಯಿಲೆ ಇರೋರು ಜಾಸ್ತಿ ಇರ್ತಾರೆ. ಅವರು ಕಮ್ಮಿ ನಡೆದಿದ್ದಕ್ಕೆ ಸತ್ರೋ, ಸಾಯೋ ಹಂಗಿದ್ದಕ್ಕೆ ಕಮ್ಮಿ ನಡೆದ್ರೋ? ಮಾರಿಸ್‌ನ ಪ್ಯಾಂಟಿನ ಪ್ರಶ್ನೆನೇ ಇದು. ಹಾಗಾಗಿ ವಯಸ್ಸು, ಊಟ, ಚಟ, ಕಾಯಿಲೆ ಇವೆಲ್ಲದರ ಪಾಲನ್ನ ಅಂದಾಜು ಮಾಡಿ ಕಳೀತಾರೆ. ತರಕಾರಿ ತೂಗೋವಾಗ ಬುಟ್ಟಿ ತೂಕ ಕಳೆಯೋ ಹಾಗೆ. ಬುಟ್ಟಿ ತೂಕ ಪೂರ್ತಿ ಕರೆಕ್ಟಾಗಿ ಗೊತ್ತಿರಲ್ಲ ಅನ್ನೋದೇ ಇಂಥ ಎಲ್ಲ ಅಧ್ಯಯನಗಳ ಮಿತಿ, ಅದಕ್ಕೇ ಅವರು "ನಡೆದಿದ್ದರಿಂದ" ಅಂತ ಬರೆಯಲ್ಲ, "ನಡೆಯೋರಲ್ಲಿ ಕಮ್ಮಿ ಕಂಡುಬಂತು" ಅಂತ ಬರೀತಾರೆ. ಸುದ್ದಿ ಮಾಡೋರು ಆ ಒಂದು ಪದ ನುಂಗಿಬಿಡ್ತಾರೆ.

ಆ ಅಧ್ಯಯನದಲ್ಲಿ ಇನ್ನೊಂದು ಸಿಕ್ಕಿದ್ದು, ಲಾಭ ಸುಮಾರು 7,500 ಹೆಜ್ಜೆವರೆಗೂ ಏರ್ತಾ ಹೋಗಿ ಆಮೇಲೆ ಚಪ್ಪಟೆ ಆಗಿಬಿಡ್ತು.

7,000 ಹೇಗೆ ಬಂತು

2025ರ ಜುಲೈನಲ್ಲಿ ಬಂದಿದ್ದು ಹೊಸದಾಗಿ ಜನರಿಗೆ ಸಾಧನ ಕಟ್ಟಿ ಮಾಡಿದ ಅಧ್ಯಯನ ಅಲ್ಲ, ಮೆಟಾ ಅನಾಲಿಸಿಸ್. ಹಾಗಂದ್ರೆ ಆಗಲೇ ಆಗಿರೋ ಅಧ್ಯಯನಗಳನ್ನೆಲ್ಲಾ ಒಟ್ಟಿಗೆ ಹಾಕಿ ಲೆಕ್ಕ ಮಾಡೋದು. ಅವೆನ್ಯೂ ರೋಡಲ್ಲಿ ನಿಂತು ಒಬ್ಬರನ್ನ ದಾರಿ ಕೇಳಿದ್ರೆ ಅವರು ಕೈ ತೋರಿಸಿದ ಕಡೆ ಹೋಗಿ ಸುತ್ತಾಡಬೇಕಾಗುತ್ತೆ, ಹತ್ತು ಜನರನ್ನ ಕೇಳಿ ಎಂಟು ಜನ ಒಂದೇ ಕಡೆ ತೋರಿಸಿದ್ರೆ ಧೈರ್ಯವಾಗಿ ಹೋಗಬಹುದಲ್ಲ, ಹಂಗೆ. ಸಿಡ್ನಿ ವಿಶ್ವವಿದ್ಯಾಲಯದ ಮೆಲಡಿ ಡಿಂಗ್ ಅವರ ತಂಡ 57 ಅಧ್ಯಯನಗಳನ್ನ ನೋಡಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಬರೀತು. ದಿನಕ್ಕೆ 2,000 ಹೆಜ್ಜೆ ಹಾಕೋರಿಗೆ ಹೋಲಿಸಿದ್ರೆ 7,000 ಹಾಕೋರಲ್ಲಿ ಯಾವುದೇ ಕಾರಣದ ಸಾವು 47 ಪರ್ಸೆಂಟ್ ಕಮ್ಮಿ, ಹೃದಯ ರಕ್ತನಾಳದ ಕಾಯಿಲೆ 25, ಮರೆವಿನ ಕಾಯಿಲೆ ಡಿಮೆನ್ಶಿಯಾ 38, ಖಿನ್ನತೆಯ ಲಕ್ಷಣಗಳು 22, ಬೀಳೋದು 28, ಟೈಪ್ 2 ಡಯಾಬಿಟಿಸ್ 14 ಪರ್ಸೆಂಟ್ ಕಮ್ಮಿ.

ಯಾವುದಕ್ಕೆ ಹೋಲಿಸಿ ಅನ್ನೋದು ನೋಡಿದ್ರಾ? 2,000ಕ್ಕೆ. ಅಂದ್ರೆ ಬೆಳಗ್ಗೆ ಎದ್ದು ಕಾರಲ್ಲಿ ಕೂತು ಬೆಳ್ಳಂದೂರಿಗೆ ಹೋಗಿ, ಅಲ್ಲಿ ಕುರ್ಚಿಯಲ್ಲಿ ಕೂತು, ವಾಪಸ್ ಔಟರ್ ರಿಂಗ್ ರೋಡ್ ಟ್ರಾಫಿಕ್ಕಲ್ಲಿ ಕೂತು, ಮನೆಗೆ ಬಂದು ಸೋಫಾದಲ್ಲಿ ಕೂರೋರ ಲೆಕ್ಕ. 5,000 ಹಾಕ್ತಿರೋರು 7,000ಕ್ಕೆ ಹೋದ್ರೆ 47 ಪರ್ಸೆಂಟ್ ಸಿಗಲ್ಲ, ಅದರಲ್ಲಿ ಬಹುಪಾಲು ಅವರಿಗೆ ಆಗಲೇ ಸಿಕ್ಕಾಗಿದೆ.

ಹೊಟ್ಟೆ ಹಸಿದು ದರ್ಶಿನಿಗೆ ಹೋದಾಗ ಮೊದಲ ಎರಡು ಇಡ್ಲಿ ಮಾಡೋ ಕೆಲಸ ಐದನೇ ಇಡ್ಲಿ ಮಾಡಲ್ಲ. ಹೆಜ್ಜೆನೂ ಅಷ್ಟೆ. 2,000ದಿಂದ 4,000ಕ್ಕೆ ಹೋಗೋದರಲ್ಲಿ ಸಿಗೋದು 8,000ದಿಂದ 10,000ಕ್ಕೆ ಹೋಗೋದರಲ್ಲಿ ಸಿಗಲ್ಲ. ಇಡ್ಲಿಗೂ ಇದಕ್ಕೂ ಒಂದೇ ವ್ಯತ್ಯಾಸ, ಇಲ್ಲಿ ಐದನೇದು ತಿಂದ್ರೆ ಅಜೀರ್ಣ ಆಗಲ್ಲ, 10,000 ಹಾಕೋಕಾಗೋರು ಆರಾಮಾಗಿ ಹಾಕಬಹುದು, ಕೆಲವು ವಿಷಯಗಳಲ್ಲಿ ಅಲ್ಲಿವರೆಗೂ ಸ್ವಲ್ಪಸ್ವಲ್ಪ ಲಾಭ ಕಾಣ್ಸಿದೆ. ವಯಸ್ಸಿನ ಲೆಕ್ಕನೂ ಇದೆ. 2022ರಲ್ಲಿ 15 ಅಧ್ಯಯನಗಳ 47,471 ಜನರ ಮಾಹಿತಿ ಸೇರಿಸಿ ನೋಡಿದಾಗ 60 ದಾಟಿದೋರಲ್ಲಿ 6,000–8,000ಕ್ಕೆ ಲಾಭದ ಗೆರೆ ಚಪ್ಪಟೆಯಾಯ್ತು, ಚಿಕ್ಕೋರಲ್ಲಿ 8,000–10,000ಕ್ಕೆ. ಆಂಟಿ ರಾತ್ರಿ ಹತ್ತೂವರೆಗೆ 8,300ರಲ್ಲಿ ಒದ್ದಾಡ್ತಿದ್ರಲ್ಲ, ಅವರ ವಯಸ್ಸಿಗೆ ಅವರು ಆಗಲೇ ಗೆರೆ ದಾಟಿ ನಿಂತಿದ್ರು.

ದೂರದಲ್ಲಿ ಹೇಳೋದಾದ್ರೆ 7,000 ಹೆಜ್ಜೆ ಅಂದ್ರೆ ನಾಲ್ಕೂವರೆಯಿಂದ ಐದು ಕಿಲೋಮೀಟರ್. ಚುರುಕಾಗಿ ನಡೆದ್ರೆ ನಿಮಿಷಕ್ಕೆ 100 ಹೆಜ್ಜೆ, ಹತ್ತು ನಿಮಿಷಕ್ಕೆ ಸಾವಿರ. ಚುರುಕು ಅಂದ್ರೆ ಎಷ್ಟು ಅಂತ ಕೇಳ್ತಾರೆ: ಪಕ್ಕದೋರ ಜೊತೆ ಮಾತಾಡೋಕಾಗ್ಬೇಕು, ಹಾಡು ಹೇಳೋಕಾಗಬಾರದು, ಅಷ್ಟು.

ನಡೆದ್ರೆ ಒಳಗೆ ಏನಾಗುತ್ತೆ

ಶುಗರ್ ವಿಷಯದಿಂದ ಶುರು ಮಾಡೋಣ, ಯಾಕಂದ್ರೆ ನಮ್ಮಲ್ಲಿ ಅದೇ ಜಾಸ್ತಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಚೆನ್ನೈನ ಡಾಕ್ಟ್ರುಗಳು ಸೇರಿ ಮಾಡಿದ, 2023ರಲ್ಲಿ ಬಂದ ಸಮೀಕ್ಷೆ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟಿಸ್ ಇದೆ, ಇನ್ನೂ 13.6 ಕೋಟಿ ಜನ ಬಾರ್ಡರ್‌ನಲ್ಲಿದಾರೆ.

ಅನ್ನ ತಿಂದ್ರಿ, ಸಕ್ಕರೆ ರಕ್ತಕ್ಕೆ ಬಂತು. ಅದು ಸ್ನಾಯುವಿನ ಒಳಗೆ ಹೋಗ್ಬೇಕು. ದೊಡ್ಡ ಅಪಾರ್ಟ್‌ಮೆಂಟಿಗೆ ಕೊರಿಯರ್ ಹುಡುಗ ಬಂದ ಹಾಗೆ ಅಂದ್ಕೊಳ್ಳಿ, ಸೆಕ್ಯುರಿಟಿ ಮನೆಗೆ ಫೋನ್ ಮಾಡಿ ಹೂಂ ಅನ್ನಿಸ್ಕೊಂಡ್ಮೇಲೇ ಗೇಟ್ ತೆಗೆಯೋದು. ಆ ಫೋನ್ ಮಾಡೋ ಕೆಲಸ ಇನ್ಸುಲಿನ್‌ದು. ಟೈಪ್ 2 ಡಯಾಬಿಟಿಸ್ ಅಂದ್ರೆ ಮನೆಯೋರು ಫೋನ್ ಎತ್ತೋದು ಕಮ್ಮಿ ಮಾಡ್ತಾರೆ, ಸೆಕ್ಯುರಿಟಿ ಮತ್ತೆ ಮತ್ತೆ ಫೋನ್ ಮಾಡಿ ಮಾಡಿ ಸುಸ್ತಾಗ್ತಾನೆ, ಗೇಟ್ ಮುಂದೆ ಕೊರಿಯರ್ ಹುಡುಗರ ಸಾಲು ಬೆಳೆಯುತ್ತೆ. ಈಗ ಎದ್ದು ನಡೆದ್ರೆ ಏನಾಗುತ್ತೆ ಅಂದ್ರೆ, ಕೆಲಸ ಮಾಡ್ತಿರೋ ಸ್ನಾಯು ಫೋನಿಗೆ ಕಾಯದೆ ತಾನೇ ಹಿಂದಿನ ಗೇಟ್ ತೆಗೆಯುತ್ತೆ. ಇದು ಬರೀ ಹೋಲಿಕೆಗೆ ಹೇಳಿದ್ದಲ್ಲ, ಸ್ನಾಯು ಕುಗ್ಗಿ ಹಿಗ್ಗಿದಾಗ ಗ್ಲೂಟ್-4 ಅನ್ನೋ ಸಕ್ಕರೆ ಸಾಗಿಸೋ ಪ್ರೋಟೀನ್ ಇನ್ಸುಲಿನ್ ಇಲ್ದೆನೂ ಜೀವಕೋಶದ ಹೊರಪದರಕ್ಕೆ ಬರುತ್ತೆ. ಊಟ ಆದ್ಮೇಲೆ ನಾಕ್ ಹೆಜ್ಜೆ ಹಾಕು ಅಂತ ಅಜ್ಜಿ ಹೇಳ್ತಿದ್ದದ್ದು ಹಂಗಾಗಿ ಸರಿಯಾಗೇ ಇತ್ತು. 2022ರಲ್ಲಿ ಬಂದ ಒಂದು ಮೆಟಾ ಅನಾಲಿಸಿಸ್‌ನಲ್ಲಿ, ಕೂತಿರೋ ಹೊತ್ತಿನ ನಡುವೆ ಎರಡರಿಂದ ಐದು ನಿಮಿಷ ಮೆಲ್ಲಗೆ ಓಡಾಡಿದ್ರೂ ಊಟದ ನಂತರದ ಶುಗರ್ ಇಳಿದಿದ್ದು ಕಂಡಿದೆ, ಸುಮ್ನೆ ಎದ್ದು ನಿಂತ್ರೂ ಸ್ವಲ್ಪ ಉಪಯೋಗ ಇದೆ, ಆದ್ರೆ ನಡಿಗೆಯಷ್ಟಲ್ಲ.

ಮೆದುಳಿಗೆ ಬರೋಣ. ಹಿಪ್ಪೊಕ್ಯಾಂಪಸ್ ಅಂತ ಒಂದು ಭಾಗ ಇದೆ, ನೆನಪಿನ ಕೆಲಸ ಮಾಡೋದು, ವಯಸ್ಸಾಗ್ತಾ ಸಣ್ಣಗಾಗ್ತಾ ಹೋಗುತ್ತೆ. 2011ರ ಒಂದು ಪ್ರಯೋಗದಲ್ಲಿ 120 ಹಿರಿಯರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ 3 ದಿನ 40 ನಿಮಿಷದ ನಡಿಗೆ ಕೊಟ್ರು, ಇನ್ನೊಂದಕ್ಕೆ ಮೈ ಸಡಿಲ ಮಾಡೋ ವ್ಯಾಯಾಮ ಮಾತ್ರ. ವರ್ಷ ಆದ್ಮೇಲೆ ಸ್ಕ್ಯಾನ್ ಮಾಡಿದ್ರೆ ನಡೆದೋರಲ್ಲಿ ಆ ಭಾಗ 2 ಪರ್ಸೆಂಟ್ ಬೆಳೆದಿತ್ತು, ಉಳಿದೋರಲ್ಲಿ ಕುಗ್ಗಿತ್ತು. ಸಣ್ಣ ಪ್ರಯೋಗ, ಆದ್ರೂ ದಿಕ್ಕು ತೋರಿಸಿದ ಪ್ರಯೋಗ.

ಮನಸ್ಸಿನ ಲೆಕ್ಕ ಸ್ವಲ್ಪ ಕಷ್ಟ

2024ರ ಡಿಸೆಂಬರಲ್ಲಿ ಸ್ಪೇನಿನ ತಂಡವೊಂದು 33 ಅಧ್ಯಯನಗಳ 96,173 ಜನರ ಮಾಹಿತಿ ಸೇರಿಸಿ ನೋಡ್ತು. 7,000ದ ಮೇಲೆ ನಡೆಯೋರಲ್ಲಿ ಮುಂದೆ ಖಿನ್ನತೆ ಬರೋ ಸಾಧ್ಯತೆ 31 ಪರ್ಸೆಂಟ್ ಕಮ್ಮಿ ಇತ್ತು. ಆದ್ರೆ ಮಾರಿಸ್‌ನ ಪ್ಯಾಂಟ್ ಇಲ್ಲಿ ಮತ್ತೆ ಎದುರಿಗೆ ಬಂದು ನಿಲ್ಲುತ್ತೆ, ಇನ್ನೂ ಜೋರಾಗಿ. ಯಾಕಂದ್ರೆ ಖಿನ್ನತೆ ಅಂದ್ರೇನೇ ಹಾಸಿಗೆ ಬಿಟ್ಟು ಏಳೋಕಾಗದೇ ಇರೋದು, ಸ್ನಾನಕ್ಕೆ ಹೋಗೋದೂ ಬೆಟ್ಟ ಹತ್ತಿದ ಹಾಗೆ ಅನ್ಸೋದು. ಅಂಥವರ ಹೆಜ್ಜೆ ಕಮ್ಮಿ ಇದ್ರೆ ಆಶ್ಚರ್ಯ ಏನಿದೆ.

ಇದನ್ನ ಬಿಡಿಸೋಕೆ ಇರೋ ದಾರಿ ಚೀಟಿ ಎತ್ತೋದು. ಖಿನ್ನತೆ ಇರೋರನ್ನೇ ಸೇರಿಸಿ, ಚೀಟಿ ಎತ್ತಿ ಅರ್ಧ ಜನಕ್ಕೆ ವ್ಯಾಯಾಮ, ಅರ್ಧ ಜನಕ್ಕೆ ಬೇರೇನೋ ಕೊಡೋದು. ಯಾರು ಯಾವ ಕಡೆ ಅಂತ ಚೀಟಿ ನಿರ್ಧಾರ ಮಾಡಿದ್ರಿಂದ "ಮೊದ್ಲೇ ಚೆನ್ನಾಗಿದ್ದೋರು ನಡೆದ್ರು" ಅನ್ನೋ ವಾದ ಬಿದ್ದುಹೋಗುತ್ತೆ. 2024ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಇಂಥ 218 ಪ್ರಯೋಗಗಳನ್ನ, 14,170 ಜನರನ್ನ ಒಟ್ಟಿಗೆ ನೋಡಿದ್ರು. ನಡಿಗೆ ಅಥವಾ ಜಾಗಿಂಗ್, ಯೋಗ, ತೂಕ ಎತ್ತೋ ವ್ಯಾಯಾಮ ಎಲ್ಲವೂ ಖಿನ್ನತೆಯ ಲಕ್ಷಣಗಳನ್ನ ಮಧ್ಯಮ ಪ್ರಮಾಣದಲ್ಲಿ ಕಮ್ಮಿ ಮಾಡಿದ್ವು. ಆದ್ರೆ ಈ ಪ್ರಯೋಗಗಳಲ್ಲಿ ಒಂದು ತೊಡಕಿದೆ: ಮಾತ್ರೆ ವಿಷಯದಲ್ಲಾದ್ರೆ ಅರ್ಧ ಜನಕ್ಕೆ ಔಷಧಿ ಇಲ್ಲದ ಬರೀ ಸಕ್ಕರೆಯ ಮಾತ್ರೆ ಕೊಟ್ಟು ಜನಕ್ಕೆ ಗೊತ್ತಾಗದ ಹಾಗೆ ಮಾಡಬಹುದು, ನಡಿಗೆ ವಿಷಯದಲ್ಲಿ ನಾನು ನಡೀತಿದೀನಾ ಇಲ್ವಾ ಅಂತ ಯಾರಿಗೆ ಗೊತ್ತಾಗಲ್ಲ ಹೇಳಿ. ಒಳ್ಳೇದಾಗುತ್ತೆ ಅನ್ನೋ ನಿರೀಕ್ಷೆನೇ ಒಂದಿಷ್ಟು ಒಳ್ಳೇದು ಮಾಡಿರುತ್ತೆ.

ಇದನ್ನ ಓದಿ ಮಾತ್ರೆ ನಿಲ್ಸಿ ಲಾಲ್‌ಬಾಗ್‌ಗೆ ಹೋಗೋ ಹಾಗಿಲ್ಲ. ಆ ಅಧ್ಯಯನಗಳಲ್ಲಿ ಯಾರೂ ಹಾಗೆ ಹೇಳಿಲ್ಲ, ಖಿನ್ನತೆಯ ಮಾತ್ರೆನ ಏಕಾಏಕಿ ನಿಲ್ಸಿದ್ರೆ ಅದರದ್ದೇ ತೊಂದರೆ ಶುರುವಾಗುತ್ತೆ, ಡಾಕ್ಟ್ರು ಹೇಳಿದ ಹಾಗೆ ನಿಧಾನಕ್ಕೆ ಇಳಿಸ್ಬೇಕು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ 10.6 ಪರ್ಸೆಂಟ್ ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು, ಅದರಲ್ಲಿ ಬಹುತೇಕರಿಗೆ ಚಿಕಿತ್ಸೆನೇ ಸಿಕ್ಕಿರ್ಲಿಲ್ಲ. ಮಾತಾಡೋಕೆ ಯಾರೂ ಇಲ್ಲ ಅನ್ಸಿದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಡಿಯೋದೆಲ್ಲಿ ಸ್ವಾಮಿ

ಬೆಂಗಳೂರಲ್ಲಿ ಇದು ನ್ಯಾಯವಾದ ಪ್ರಶ್ನೆ. ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಬೈಕು, ಅದರಾಚೆ ಎದ್ದಿರೋ ಚಪ್ಪಡಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಸ್ಯಾಂಕಿ ಕೆರೆ ಪಕ್ಕದಲ್ಲಿರೋರು ಪುಣ್ಯವಂತರು. ಜಾಗದಿಂದ ನಿಜವಾಗ್ಲೂ ವ್ಯತ್ಯಾಸ ಆಗುತ್ತಾ? ಲಂಡನ್ನಲ್ಲಿ 60 ವರ್ಷ ದಾಟಿದ 119 ಜನರನ್ನ ಒಂದು ದಿನ ಹೈಡ್ ಪಾರ್ಕಲ್ಲಿ, ಇನ್ನೊಂದು ದಿನ ಡೀಸೆಲ್ ಬಸ್ಸುಗಳು ತುಂಬಿರೋ ಆಕ್ಸ್‌ಫರ್ಡ್ ಸ್ಟ್ರೀಟಲ್ಲಿ ಎರಡೆರಡು ಗಂಟೆ ನಡೆಸಿ ನೋಡಿದ್ರು. ಪಾರ್ಕಲ್ಲಿ ಶ್ವಾಸಕೋಶಕ್ಕೂ ರಕ್ತನಾಳಕ್ಕೂ ಸಿಕ್ಕ ಲಾಭ ರಸ್ತೇಲಿ ಕರಗಿಹೋಯ್ತು. ಹಾಗಾಗಿ ಸಿಲ್ಕ್ ಬೋರ್ಡ್ ಪಕ್ಕ ಸಂಜೆ ಏಳಕ್ಕೆ ನಡೆಯೋ ಬದಲು ಒಳಗಿನ ಕ್ರಾಸ್ ರೋಡ್‌ಗಳು, ಅಥವಾ ಬೆಳಗಿನ ಹೊತ್ತು ವಾಸಿ.

ಹೊತ್ತೇ ಇಲ್ಲ ಅನ್ನೋರಿಗೆ ಎರಡು ಸಮಾಧಾನ. ಒಂದು, ಪ್ರತಿದಿನ ಆಗ್ಲೇಬೇಕು ಅಂತಿಲ್ಲ. 2023ರಲ್ಲಿ ಬಂದ, 3,101 ಅಮೆರಿಕನ್ನರ ಹತ್ತು ವರ್ಷದ ಲೆಕ್ಕದಲ್ಲಿ, ವಾರಕ್ಕೆ ಒಂದೆರಡು ದಿನ ಮಾತ್ರ 8,000 ದಾಟಿದೋರಲ್ಲೂ ಸಾವು ಸಾಕಷ್ಟು ಕಮ್ಮಿ ಇತ್ತು. ಇನ್ನೊಂದು, ತುಂಡುತುಂಡಾಗಿ ಮಾಡಿದ್ರೂ ನಡೆಯುತ್ತೆ. 2022ರಲ್ಲಿ ವ್ಯಾಯಾಮ ಅಂತ ಏನೂ ಮಾಡದ 25,241 ಬ್ರಿಟನ್ನಿನೋರನ್ನ ಗಮನಿಸಿದಾಗ, ದಿನಕ್ಕೆ ಮೂರು ಸಲ ಒಂದೆರಡು ನಿಮಿಷ ಉಸಿರು ಮೇಲೆ ಬರೋ ಹಾಗೆ ಏನಾದ್ರೂ ಮಾಡ್ತಿದ್ದೋರು, ಬಸ್ ಹಿಡಿಯೋಕೆ ಓಡೋದೋ, ಮೆಟ್ಟಿಲು ಹತ್ತೋದೋ, ಅವರಲ್ಲಿ ಸಾವಿನ ಅಪಾಯ ಗಮನಾರ್ಹವಾಗಿ ಕಮ್ಮಿ ಕಂಡಿದೆ. ಮೆಜೆಸ್ಟಿಕ್ ಮೆಟ್ರೋದಲ್ಲಿ ಹಸಿರು ಲೈನ್‌ನಿಂದ ನೇರಳೆ ಲೈನ್‌ಗೆ ಎಸ್ಕಲೇಟರ್ ಬಿಟ್ಟು ಮೆಟ್ಟಿಲಲ್ಲಿ ಹೋಗಿ ನೋಡಿ, ಒಂದು ಸಲಕ್ಕೆ ಅದೇ ಸಾಕು. ಎದೆ ಬಿಗಿಯೋದು, ಎಡಗೈ ಅಥವಾ ದವಡೆ ಎಳೆಯೋದು, ತಲೆ ಸುತ್ತೋದು ಆದ್ರೆ ಮಾತ್ರ ಅಲ್ಲೇ ನಿಲ್ಸಿ ಆಸ್ಪತ್ರೆಗೆ ಹೋಗ್ಬೇಕು, ಗ್ಯಾಸ್ಟ್ರಿಕ್ ಅಂತ ಸೋಡಾ ಕುಡೀತಾ ಕೂರೋದಲ್ಲ.

ಫೋನು ಎಣಿಸೋದು ಹೇಗೆ

ಫೋನಿಗೆ ಕಾಲು ಕಾಣಲ್ಲ. ಅದರೊಳಗೆ ಒಂದು ಚಿಕ್ಕ ಸೆನ್ಸರ್ ಇರುತ್ತೆ, ಮೇಲೆ ಕೆಳಗೆ, ಹಿಂದೆ ಮುಂದೆ, ಅಕ್ಕಪಕ್ಕ ಎಷ್ಟು ಅಲುಗಾಡ್ತು ಅಂತ ಅಳೆಯುತ್ತೆ, ಆ ಅಲುಗಾಟಕ್ಕೆ ನಡಿಗೆಯ ತಾಳ ಇದ್ರೆ ಒಂದು ಹೆಜ್ಜೆ ಅಂತ ಬರ್ಕೊಳ್ಳುತ್ತೆ. ಹಾಗಾಗಿ ಗುಂಡಿ ಬಿದ್ದ ರೋಡಲ್ಲಿ ಸ್ಕೂಟರ್ ಓಡಿಸಿದ್ರೆ ಕೂತಲ್ಲೇ ಒಂದಿಷ್ಟು ಹೆಜ್ಜೆ ಬಿದ್ದಿರುತ್ತೆ, ಈಜಿದ್ರೆ, ಸೈಕಲ್ ತುಳಿದ್ರೆ ಸರಿಯಾಗಿ ಲೆಕ್ಕಕ್ಕೆ ಬರಲ್ಲ. ಅಧ್ಯಯನಗಳಲ್ಲಿ ಸಾಧನ ದಿನವಿಡೀ ಸೊಂಟದಲ್ಲೋ ಮಣಿಕಟ್ಟಲ್ಲೋ ಇರುತ್ತೆ, ನಮ್ಮ ಫೋನು ಅರ್ಧ ದಿನ ಟೇಬಲ್ ಮೇಲೆ, ವ್ಯಾನಿಟಿ ಬ್ಯಾಗಲ್ಲಿ ಇರುತ್ತೆ, ಎರಡೂ ಕಡೆಯ ನಂಬರ್ ಒಂದೇ ಅಂದ್ಕೊಳ್ಳೋಕಾಗಲ್ಲ.

ಇದನ್ನೆಲ್ಲಾ ಆಂಟಿಗೆ ಹೇಳಿ, ಬೆಳಗ್ಗೆ ನಿಮ್ಮ ಫೋನ್ ಎಲ್ಲಿರುತ್ತೆ ಆಂಟಿ ಅಂತ ಕೇಳ್ದೆ. ಫ್ರಿಜ್ ಮೇಲೆ ಚಾರ್ಜಿಗಂತೆ. ಐದೂವರೆಗೆ ಎದ್ದು ಮೂರು ಮಹಡಿ ಇಳಿದು ಗೇಟ್ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟು, ಹಾಲು ತಂದು, ಮತ್ತೆ ಮೂರು ಮಹಡಿ ಹತ್ತಿ, ಮನೆ ಗುಡಿಸಿ ಒರೆಸಿ, ತಾರಸಿಗೆ ಹೋಗಿ ಬಟ್ಟೆ ಒಣಗಿ ಹಾಕಿ, ಒಂಬತ್ತಕ್ಕೆ ಅಂಕಲ್ ತಿಂಡಿ ತಿಂದು ಎದ್ಮೇಲೆ ಫೋನ್ ಕೈಗೆ ತಗೋತಾರಂತೆ. ಅಲ್ಲಿವರೆಗೂ ಅದರಲ್ಲಿ ಸೊನ್ನೆ.